ವರುಷದ ಕೊನೆಯಲ್ಲಿ ಬೆಳ್ಗೊಳದ ಬೆಟ್ಟದ ಮೇಲೆ

ಅಂಗಡಿಯವನು ವರುಷದ ಕೊನೆಗೆ ಖಾತೆಯ ಪುಸ್ತಕವನ್ನು ತೆರೆದು ಬಾಕಿ ನೋಡುವನು. ರೈತನು ಕಣವನ್ನು ಗುಡಿಸಿ ರಾಶಿಯನ್ನು ಅಳೆಯುವನು. ಗೃಹಿಣಿಯು ಉಗ್ರಾಣದ ಡಬ್ಬಗಳನ್ನು ಇಳಿಸಿ, ಏನು ಉಳಿಯಿತು, ಏನು ಮುಗಿಯಿತು ಎಂದು ತಟ್ಟಿ ನೋಡುವಳು. ಆದರೆ ಮನೆಯ ಯಜಮಾನನೆನ್ನಿಸಿಕೊಂಡವನು, ತಾನು ತಂದೆಯಾಗಿ ಈ ವರುಷ ಮಕ್ಕಳಿಗೆ ಏನನ್ನು ಕೊಟ್ಟೆನು, ಏನನ್ನು ಕೊಡದೆ ಹೋದೆನು ಎಂದು ಲೆಕ್ಕ ತೆಗೆಯುವುದು ಅಪರೂಪ. ಆ ಲೆಕ್ಕವನ್ನು ಬರೆಯತಕ್ಕ ಪುಸ್ತಕವು ಯಾವ ಅಂಗಡಿಯಲ್ಲಿಯೂ ದೊರೆಯದು. ಬರೆದಿಟ್ಟರೂ ಅದನ್ನು ಓದಬೇಕಾದವರು ಮಕ್ಕಳು, ಅವರು ಓದುವುದು ಎಷ್ಟೋ ವರುಷಗಳ ಮೇಲೆ. ಈ ಸಲ ಡಿಸೆಂಬರಿನ ಕೊನೆಯ ವಾರದಲ್ಲಿ ನಾವು ಸಕುಟುಂಬರಾಗಿ ಶ್ರವಣಬೆಳ್ಗೊಳಕ್ಕೆ ಹೋಗಿ ಬಂದಾಗ, ಇಂಥ ಲೆಕ್ಕವೊಂದು ನಮ್ಮೆದುರಿಗೆ ತಾನಾಗಿ ತೆರೆದುಕೊಂಡಿತು. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹೊರಟುದಕ್ಕೆ ಹೊರಗಿನ ಕಾರಣವೊಂದು, ಒಳಗಿನ ಕಾರಣವೊಂದು. ನಮ್ಮ ಹುಡುಗನಿಗೆ ಪಾಠದಲ್ಲಿ ಗೊಮ್ಮಟೇಶ್ವರನ ವಿಷಯ ಬಂದಿದ್ದಿತು. ಚಿತ್ರ ನೋಡಿದವನು ಮೂರ್ತಿಯನ್ನೇ ನೋಡಬೇಕೆಂದು ಹಟ ಹಿಡಿದಿದ್ದನು. ಇದು ಹೊರಗಿನದು. ಒಳಗಿನದನ್ನು ಹೇಳಲು ಸಂಕೋಚವಾಗುವುದು. ಆದರೆ ಅದನ್ನು ಮುಚ್ಚಿಟ್ಟು ಉಳಿದುದನ್ನು ಬರೆದರೆ ಬರೆದುದಕ್ಕೆ ಅರ್ಥವಿರದು. ಸರಿಯಾಗಿ ಒಂದು ವರುಷದ ಹಿಂದೆ ನಮಗೂ ನಮ್ಮ ತಮ್ಮನಿಗೂ ಪಾಲಾಯಿತು. ನಮ್ಮ ತೀರ್ಥರೂಪರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಅವರು ಬಿಟ್ಟುಹೋದುದು ಒಂದು ತೊಟ್ಟಿಯ ಮನೆ, ಒಂದೂವರೆ ಎಕರೆ ತೆಂಗಿನ ತೋಟ, ಒಂದು ಬಾವಿ. ಮನೆಯ ವಿಷಯದಲ್ಲಿ ಜಗಳವಾಗಲಿಲ್ಲ. ತೋಟದ ವಿಷಯದಲ್ಲಿಯೂ ಆಗಲಿಲ್ಲ. ಬಾವಿಗೆ ಹೋಗುವ ನಾಲ್ಕಡಿ ದಾರಿ ಯಾರ ಪಾಲಿನಲ್ಲಿ ಸೇರತಕ್ಕದ್ದೆಂಬಲ್ಲಿ ಮಾತು ಬೆಳೆಯಿತು. ಬೆಳೆದ ಮಾತು ಕೊನೆಗೆ ಮಾತನ್ನೇ ನಿಲ್ಲಿಸಿತು. ಪಾರೀಕತ್ತಿಗೆ ಇಬ್ಬರೂ ರುಜು ಹಾಕಿ ಕಚೇರಿಯ ಮೆಟ್ಟಿಲಿಳಿದು, ಒಬ್ಬನು ಎಡಕ್ಕೆ, ಒಬ್ಬನು ಬಲಕ್ಕೆ ಹೋದೆವು. ಹಿರಿಯರಾದ ನಾವೇ ಮೊದಲು ಕರೆಯಬೇಕೆಂದು ಅವನು ಕಾದಿರಬಹುದು; ಕಿರಿಯವನಾದ ಅವನೇ ಮೊದಲು ಬರಬೇಕೆಂದು ನಾವು ಕಾದೆವು. ಹೀಗೆ ಕಾಯುವುದರಲ್ಲಿ ಯುಗಾದಿ ಬಂದು ಹೋಯಿತು, ಗೌರಿ ಗಣೇಶರು ಬಂದು ಹೋದರು, ದೀಪಾವಳಿಯೂ ಕಳೆಯಿತು. ಮಕ್ಕಳು ಎರಡು ಸಲ “ಚಿಕ್ಕಪ್ಪ ಯಾಕೆ ಬರುವುದಿಲ್ಲ?” ಎಂದು ಕೇಳಿ, ಮೂರನೆಯ ಸಲ ಕೇಳುವುದನ್ನು ಬಿಟ್ಟರು. ಮಕ್ಕಳು ಕೇಳುವುದನ್ನು ಬಿಟ್ಟುದು ನಮಗೆ ಕೇಳಿದುದಕ್ಕಿಂತ ಕಷ್ಟವಾಯಿತು.

ಬೆಳ್ಗೊಳಕ್ಕೆ ಹಿಂದೆ ಹೋಗಬೇಕಾದವರು ಚನ್ನರಾಯಪಟ್ಟಣದವರೆಗೋ ಹಿರೀಸಾವೆಯವರೆಗೋ ಬಸ್ಸಿನಲ್ಲಿ ಹೋಗಿ, ಅಲ್ಲಿ ಬೇರೆ ವಾಹನವನ್ನು ಕಾಯಬೇಕಾಗಿದ್ದಿತು. ಬೆಂಗಳೂರಿನಿಂದ ಹಾಸನಕ್ಕೆ ನೇರವಾದ ರೈಲುದಾರಿ 2017ರಲ್ಲಿ ತೆರೆದ ಮೇಲೆ ಬೆಳ್ಗೊಳಕ್ಕೂ ಒಂದು ನಿಲ್ದಾಣವಾಗಿದೆ. ಯಶವಂತಪುರದಲ್ಲಿ ಹತ್ತಿ, ನೆಲಮಂಗಲ, ಕುಣಿಗಲು, ಯಡಿಯೂರುಗಳನ್ನು ದಾಟಿದೆವು. ಕುಣಿಗಲನ್ನು ಬಿಟ್ಟ ಮೇಲೆ ದಾರಿಯ ಎರಡು ಕಡೆಯೂ ಆ ಕಾಲಕ್ಕೆ ತಕ್ಕ ನೋಟಗಳು. ಹೊಲಗಳಲ್ಲಿ ರಾಗಿಯ ಕೊಯ್ಲು ಮುಗಿದು ಕೂಳೆ ಮಾತ್ರ ನಿಂತಿದ್ದಿತು. ಊರ ಹತ್ತಿರ ಮೆದೆಗಳು ಎದ್ದಿದ್ದುವು. ಅಲ್ಲಲ್ಲಿ ಅವರೆಯ ಗಿಡಗಳು ಇಬ್ಬನಿಯಲ್ಲಿ ನೆನೆದು ನಿಂತಿದ್ದುವು. ತೆಂಗಿನ ತೋಟಗಳು ಬಂದಾಗಲೆಲ್ಲ ನಾವು ಕಿಟಕಿಯಿಂದ ಮುಖ ತಿರುಗಿಸಿದೆವು. ನಮ್ಮ ಮನೆಯಾಕೆ ಅದನ್ನು ಕಂಡರೂ ಏನೂ ಅನ್ನಲಿಲ್ಲ.

ಬೆಳ್ಗೊಳವೆಂದರೆ ಬಿಳಿಯ ಕೊಳ. ಊರ ನಡುವೆ ಕೊಳ. ಅದರ ಎರಡು ಕಡೆಗಳಲ್ಲಿ ಎರಡು ಕಲ್ಲಿನ ಬೆಟ್ಟಗಳು. ತೆಂಕಣದ್ದು ದೊಡ್ಡಬೆಟ್ಟ, ಅದನ್ನು ವಿಂಧ್ಯಗಿರಿಯೆಂತಲೂ ಇಂದ್ರಗಿರಿಯೆಂತಲೂ ಕರೆಯುವರು. ಬಡಗಣದ್ದು ಚಿಕ್ಕಬೆಟ್ಟ, ಅದೇ ಚಂದ್ರಗಿರಿ. ದೊಡ್ಡಬೆಟ್ಟವು ಸಮುದ್ರಮಟ್ಟದಿಂದ 3,347 ಅಡಿ ಎತ್ತರದಲ್ಲಿದ್ದರೂ ಸುತ್ತಣ ನೆಲದಿಂದ ಅಳೆದರೆ 470 ಅಡಿ ಮಾತ್ರ. ಬೆಟ್ಟದ ಮೈಯಲ್ಲಿಯೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ವಯಸ್ಸಾದವರಿಗೆ ಡೋಲಿಗಳುಂಟು. ಬೆಳಗಿನ ಹೊತ್ತಾದುದರಿಂದ ಕಲ್ಲು ತಣ್ಣಗಿದ್ದು, ಮೊದಲ ನೂರು ಮೆಟ್ಟಿಲುಗಳನ್ನು ಮಕ್ಕಳು ಓಡಿಕೊಂಡೇ ಹತ್ತಿದರು.

ಅರ್ಧ ಬೆಟ್ಟದಲ್ಲಿ ನಮ್ಮ ಹುಡುಗಿ ಕುಳಿತುಬಿಟ್ಟಳು. ಎಂಟು ವರುಷದವಳು, ಎಷ್ಟು ಹೇಳಿದರೂ ಏಳಲಿಲ್ಲ. ನಾವು ಬಗ್ಗಿ ಬೆನ್ನು ಕೊಟ್ಟೆವು. ಅವಳು ಹತ್ತಿ ಕುತ್ತಿಗೆಯನ್ನು ತಬ್ಬಿಕೊಂಡಳು. ಹುಡುಗನಿಗೆ ಹದಿಮೂರು ತುಂಬಿದೆ. ಅವನು ನಿಂತು, “ನನಗೂ ಕಾಲು ನೋಯುತ್ತಿದೆ ಅಪ್ಪ” ಎಂದನು. ಹೊತ್ತುಕೊಳ್ಳೆಂದು ಕೇಳಿದುದಲ್ಲ, ನೋಯುತ್ತಿದೆಯೆಂದು ಹೇಳಿದುದು ಮಾತ್ರ.

“ನೀನು ದೊಡ್ಡವನಲ್ಲವೇನೋ, ನಡಿ” ಎಂದೆವು.

ಆ ಮಾತು ಬಾಯಿಂದ ಹೊರಬಿದ್ದೊಡನೆ ನಾವು ನಿಂತುಬಿಟ್ಟೆವು. ಅದು ನಮ್ಮ ಮಾತಲ್ಲ. ಇದೇ ಬೆಟ್ಟದ ಮೇಲೆ ನಮ್ಮ ತೀರ್ಥರೂಪರು ನಮಗೆ ಆಡಿದ ಮಾತು. ಅದೇ ಶಬ್ದಗಳು, ಅದೇ ಧ್ವನಿ.

1993ರ ಡಿಸೆಂಬರಿನಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕವು ನಡೆಯಿತು. ಜನಸಂದಣಿ ಇಳಿದ ಮೇಲೆ ವರುಷದ ಕೊನೆಯಲ್ಲಿ ತೀರ್ಥರೂಪರು ನಮ್ಮಿಬ್ಬರನ್ನೂ ಕರೆದುಕೊಂಡು ಬಂದಿದ್ದರು. ನಮಗೆ ಆಗ ಹತ್ತು ವರುಷ, ತಮ್ಮನಿಗೆ ಏಳು. ಅರ್ಧ ದಾರಿಯಲ್ಲಿ ಅವನು ಅತ್ತನು. ಅವರು ಅವನನ್ನು ಹೆಗಲಿಗೇರಿಸಿಕೊಂಡರು. ನಾವೂ ನೋವೆಂದಾಗ ಬಂದ ಉತ್ತರ ಇದೇ. ನಾವು ಸಿಟ್ಟಿನಿಂದ ಒಂದೊಂದು ಮೆಟ್ಟಿಲನ್ನೂ ಎಣಿಸುತ್ತ ಹಿಂದೆ ಹಿಂದೆ ಹತ್ತಿದೆವು. ಮುಂದೆ ಕಾಣುತ್ತಿದ್ದುದು ಅವರ ಒಡೆದ ಹಿಮ್ಮಡಿಗಳೆರಡೇ. ಎಲ್ಲವನ್ನೂ ತಮ್ಮನಿಗೇ ಕೊಡುವರು, ನಮಗೆ ನಡೆಯುವುದನ್ನು ಮಾತ್ರ ಬಿಟ್ಟಿರುವರು ಎಂದು ಆ ದಿನ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆವು. ಮೂವತ್ತು ವರುಷಗಳ ಮೇಲೆ, ಕಚೇರಿಯ ಮೇಜಿನ ಮುಂದೆ ನಾಲ್ಕಡಿ ದಾರಿಗಾಗಿ ವಾದಿಸಿದವನು ಆ ಹತ್ತು ವರುಷದ ಹುಡುಗನಲ್ಲವೆಂದು ನಾವು ಹೇಗೆ ಹೇಳೋಣ?

ಹುಡುಗನು ಏನೂ ಮಾತನಾಡದೆ ನಮ್ಮ ಹಿಂದೆ ಹತ್ತುತ್ತಿದ್ದನು. ಅವನಿಗೂ ಈಗ ಕಾಣುತ್ತಿರುವುದು ಹಿಮ್ಮಡಿಗಳೇ ಇರಬೇಕೆಂದು ತೋರಿತು.

ದಾರಿಯಲ್ಲಿ ಎಡಬಲಗಳಲ್ಲಿ ಬಸದಿಗಳುಂಟು, ಮೇಲೆ ಹೋಗುವ ಆತುರದಲ್ಲಿ ಯಾರೂ ಅವುಗಳ ಕಡೆಗೆ ಹೊರಳುವುದಿಲ್ಲ, ನಾವೂ ಹೊರಳಲಿಲ್ಲ. ಅಖಂಡ ಬಾಗಿಲಿನ ಹತ್ತಿರ ಬಂದೆವು. ಒಂದೇ ಬಂಡೆಯಲ್ಲಿ ಕೊರೆದ ಬಾಗಿಲಾದುದರಿಂದ ಅದಕ್ಕೆ ಈ ಹೆಸರು. ಮೇಲೆ ಗಜಲಕ್ಷ್ಮಿಯನ್ನು ಬಿಡಿಸಿದ್ದಾರೆ. ಇದರ ಎರಡು ಮಗ್ಗುಲಿನಲ್ಲಿ ಎರಡು ಸಣ್ಣ ಗುಡಿಗಳಿವೆ. ಬಲಗಡೆಯಲ್ಲಿ ಬಾಹುಬಲಿ, ಎಡಗಡೆಯಲ್ಲಿ ಅವನ ಅಣ್ಣನಾದ ಭರತ. ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ಭರತನೆಂಬ ಹೆಸರಿನ ದಂಡನಾಯಕನೊಬ್ಬನು ಇವನ್ನು ಮಾಡಿಸಿದನು. ಕಾದಾಡಿದ ಅಣ್ಣತಮ್ಮಂದಿರು ಒಂದೇ ಬಾಗಿಲಿನ ಎರಡು ಕಂಬಗಳಂತೆ ನಿಂತಿದ್ದಾರೆ. ನಡುವಿನ ದಾರಿ ಇಬ್ಬರದೂ ಅಲ್ಲ, ಹೋಗಿ ಬರುವವರದು. 1993ರಲ್ಲಿಯೂ ನಾವು ಇದೇ ಬಾಗಿಲಿನಲ್ಲಿ ಹಾದಿರಬೇಕು. ಆಗ ಕಣ್ಣಿಗೆ ಬಿದ್ದಿರಲಿಲ್ಲ.

ಮೇಲೆ ಪ್ರಾಕಾರದೊಳಗೆ ಹೊಕ್ಕರೆ ಆಕಾಶದಲ್ಲಿ ಗೊಮ್ಮಟನು. ಮೂರ್ತಿಯ ಎತ್ತರ ಸುಮಾರು 58 ಅಡಿ. ಬೇರೆ ಕಡೆಯಿಂದ ತಂದು ನಿಲ್ಲಿಸಿದ ಕಲ್ಲಲ್ಲ, ಬೆಟ್ಟದ ತುದಿಯ ಬಂಡೆಯನ್ನೇ ಕಡಿದು ಕಂಡುಕೊಂಡ ರೂಪ. ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ. ಉತ್ತರಕ್ಕೆ ಮುಖ, ಗುಂಗುರು ಕೂದಲು, ಮಂಡಿಯ ಕಡೆಗೆ ಇಳಿದ ನೀಳವಾದ ತೋಳುಗಳು, ಕಾಲುಗಳ ಇಕ್ಕೆಲದಲ್ಲಿ ಹುತ್ತಗಳು, ಹುತ್ತದಿಂದ ಹೊರಗೆ ಬರುವ ಹಾವುಗಳು, ತೊಡೆಯನ್ನೂ ತೋಳನ್ನೂ ಸುತ್ತಿ ಮೇಲೇರಿದ ಬಳ್ಳಿ. ಗಂಗರ ಅರಸನಾದ ರಾಚಮಲ್ಲನ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಸುಮಾರು 981ರಲ್ಲಿ ಇದನ್ನು ಮಾಡಿಸಿದನು. ತಾಯಿಯ ಆಸೆಯನ್ನು ನೆರವೇರಿಸುವುದಕ್ಕಾಗಿ ಮಾಡಿಸಿದನೆಂದು ಐತಿಹ್ಯ. ಸುತ್ತಣ ಕಟ್ಟಡವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನದು. ಎದುರಿಗೆ ಕೈಯಲ್ಲಿ ಕಾಯಿ ಹಿಡಿದು ನಿಂತ ಗುಳ್ಳಕಾಯಜ್ಜಿ. ಮಂತ್ರಿಯ ಕೊಡಗಟ್ಟಲೆ ಹಾಲಿನ ಅಭಿಷೇಕವು ಮೂರ್ತಿಯ ತೊಡೆಯಿಂದ ಕೆಳಗಿಳಿಯದೆ ನಿಂತಾಗ, ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಹೊಟ್ಟೆಯಲ್ಲಿ ತಂದ ಹಾಲು ಬೆಟ್ಟದ ಕೆಳಗಿನವರೆಗೂ ಹರಿಯಿತೆಂಬ ಕಥೆಯನ್ನು ಬಲ್ಲವರು ಬಹಳ ಮಂದಿ. ನಮ್ಮ ಹುಡುಗಿಗೆ ಅಜ್ಜಿಯೇ ಹೆಚ್ಚು ಮೆಚ್ಚಿಕೆಯಾದಳು.

ನೆರಳಿನಲ್ಲಿ ಕುಳಿತು ಮಕ್ಕಳಿಗೆ ಕಥೆಯನ್ನು ಹೇಳಿದೆವು. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿಯೂ, ಚಾವುಂಡರಾಯನು ತಾನೇ 978ರಲ್ಲಿ ಗದ್ಯದಲ್ಲಿ ಬರೆದ ಪುರಾಣದಲ್ಲಿಯೂ ಇರುವ ಕಥೆ ಅದು. ಅಯೋಧ್ಯೆಯಲ್ಲಿ ಆದಿನಾಥನು ಅರಸನಾಗಿದ್ದನು. ಅವನಿಗೆ ಭರತನೇ ಮೊದಲಾಗಿ ಅನೇಕ ಗಂಡುಮಕ್ಕಳು. ಬ್ರಾಹ್ಮಿ, ಸೌಂದರಿ ಎಂಬ ಇಬ್ಬರು ಹೆಣ್ಣುಮಕ್ಕಳು. ನರ್ತಕಿ ನೀಲಾಂಜನೆಯು ಕುಣಿಯುತ್ತ ಕುಣಿಯುತ್ತಲೇ ಆಯುಸ್ಸು ತೀರಿ ಮಾಯವಾದುದನ್ನು ಕಂಡು ಅರಸನಿಗೆ ವೈರಾಗ್ಯ ಹುಟ್ಟಿತು. ರಾಜ್ಯವನ್ನು ಪಾಲು ಮಾಡಿದನು: ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ, ಉಳಿದವರಿಗೆ ಉಳಿದುದು. ಪಾಲು ಮಾಡಿ ತಾನು ಕಾಡಿಗೆ ನಡೆದನು.

ತರುವಾಯ ಭರತನು ದಿಕ್ಕುಗಳನ್ನೆಲ್ಲ ಗೆದ್ದು ಹಿಂತಿರುಗಿದಾಗ ಅವನ ಚಕ್ರವು ಊರ ಬಾಗಿಲಿನಲ್ಲಿ ನಿಂತುಹೋಯಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂದು ಅದರ ಅರ್ಥ. ಉಳಿದ ತಮ್ಮಂದಿರು ರಾಜ್ಯ ಬೇಡವೆಂದು ತಂದೆಯ ಬಳಿಗೆ ಹೋಗಿ ದೀಕ್ಷೆ ವಹಿಸಿದರು. ಬಾಹುಬಲಿಯು ತಂದೆ ಕೊಟ್ಟುದನ್ನು ಬಿಡಲಾರೆನೆಂದನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಮೂರು ಬಗೆಯಲ್ಲಿ ಕಾದಿದರು. ಮೂರರಲ್ಲಿಯೂ ತಮ್ಮನೇ ಗೆದ್ದನು. ಕೊನೆಯಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು ಅಪ್ಪಳಿಸದೆ ಮೆಲ್ಲನೆ ಕೆಳಗಿಳಿಸಿದನು. ಅಣ್ಣನೋ ನಾಚಿಕೆಯಿಂದ ಮತಿಗೆಟ್ಟು ತಮ್ಮನ ಮೇಲೆ ಚಕ್ರವನ್ನೇ ಬಿಟ್ಟನು. ಚಕ್ರವು ತಮ್ಮನಿಗೆ ಬಲಬಂದು ನಿಂತಿತು. ಇಷ್ಟು ಸಣ್ಣತನವನ್ನು ಕಲಿಸಿದುದು ಈ ನೆಲವಲ್ಲವೇ ಎಂದು ಬಾಹುಬಲಿಯು ಗೆದ್ದುದೆಲ್ಲವನ್ನೂ ಬಿಟ್ಟು ನಡೆದು, ಒಂದು ವರುಷ ಅಲುಗದೆ ನಿಂತನು.

“ಒಂದು ವರುಷವೇ?” ಎಂದನು ಹುಡುಗ.

“ಒಂದು ವರುಷ. ಅದಕ್ಕೇ ಬಳ್ಳಿ, ಅದಕ್ಕೇ ಹುತ್ತ.”

“ವರುಷವಾದ ಮೇಲೆ?”

ವರುಷವಾದರೂ ಜ್ಞಾನವು ಉಂಟಾಗಲಿಲ್ಲ. ತನ್ನಿಂದ ಅಣ್ಣನ ಮನಸ್ಸು ನೊಂದಿತೆಂಬ ಕೊರಗೊಂದು ಅವನ ಎದೆಯಲ್ಲಿ ಉಳಿದಿದ್ದಿತೆಂದು ಪುರಾಣ. ತಾನು ನಿಂತಿರುವ ಎರಡು ಹೆಜ್ಜೆ ನೆಲವೂ ಅಣ್ಣನದೇ ಎಂಬ ಕೊರಗೆಂದು ಜನರು ಹೇಳುವರು. ಆಗ ಭರತನು ತಾನಾಗಿ ಬಂದನು. ಚಕ್ರವರ್ತಿಯಾದವನು, ಹಿರಿಯನಾದವನು, ಬಂದು ತಮ್ಮನಿಗೆ ನಮಸ್ಕಾರ ಮಾಡಿದನು. ಆ ಕ್ಷಣದಲ್ಲಿ ಬಾಹುಬಲಿಗೆ ಕೇವಲಜ್ಞಾನವಾಯಿತು.

ಮಕ್ಕಳಿಗೆ ಇದನ್ನು ಹೇಳುತ್ತಿದ್ದಂತೆ ನಮ್ಮ ಸ್ವರವೇ ನಮಗೆ ಬೇರೆಯವರದಾಗಿ ಕೇಳಿಸಿತು. ನಮ್ಮ ಮನೆಯಾಕೆ ಬಳ್ಳಿಯ ಕಡೆಗೆ ನೋಡುತ್ತಿದ್ದವಳು, ತಿರುಗದೆಯೇ, “ನಮಗೂ ವರುಷ ತುಂಬಿತು” ಎಂದಳು. ಹೆಚ್ಚಿಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಹುಡುಗಿಯು ಮೂರ್ತಿಯ ಸುತ್ತಲೂ ನೋಡಿ, “ಇವರ ಅಪ್ಪ ಎಲ್ಲಿ?” ಎಂದು ಕೇಳಿದಳು. ಅಜ್ಜಿ ಇದ್ದಾಳೆ, ಅಣ್ಣ ಬಾಗಿಲಿನಲ್ಲಿದ್ದಾನೆ, ಅಪ್ಪ ಯಾಕಿಲ್ಲ ಎಂಬುದು ಅವಳ ಪ್ರಶ್ನೆ. ಅವರ ಅಪ್ಪನನ್ನು ನಾವು ದಾರಿಯಲ್ಲಿಯೇ ನೋಡದೆ ದಾಟಿ ಬಂದೆವು. ಇಳಿಯುವಾಗ ತೋರಿಸುವೆವೆಂದು ಹೇಳಿದೆವು.

ಇಳಿಯುವ ದಾರಿಯಲ್ಲಿ ಒದೆಗಲ್ಲು ಬಸದಿಗೆ ಹೊರಳಿದೆವು. ಗೋಡೆಗಳು ಜರುಗದಂತೆ ಹೊರಗಡೆಯಿಂದ ಓರೆಯಾದ ಕಲ್ಲುಗಳನ್ನು ಆಸರೆ ಕೊಟ್ಟು ನಿಲ್ಲಿಸಿರುವುದರಿಂದ ಅದಕ್ಕೆ ಒದೆಗಲ್ಲು ಬಸದಿಯೆಂದು ಹೆಸರು. ಒಳಗೆ ಮೂರು ಗರ್ಭಗೃಹಗಳು. ನೇಮಿನಾಥನೂ ಶಾಂತಿನಾಥನೂ ಎರಡರಲ್ಲಿ, ಮುಖ್ಯವಾದುದರಲ್ಲಿ ಆದಿನಾಥ. ಬಿಸಿಲಿನಿಂದ ಒಳಗೆ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೂರ್ತಿಯು ಮೆಲ್ಲಮೆಲ್ಲನೆ ತೋರುವುದು. ಮಗನು ಗಾಳಿ, ಬೆಳಕು, ಮಳೆಗಳಲ್ಲಿ ಐವತ್ತೆಂಟು ಅಡಿ ನಿಂತಿರುವನು. ಹರದಾರಿಗಳ ಆಚೆಯಿಂದಲೇ ಜನ ಅವನನ್ನು ಕಂಡು ಕೈ ಮುಗಿಯುವರು. ತಂದೆಯು ಕೆಳಗೆ ಕತ್ತಲೆಯ ಕೋಣೆಯಲ್ಲಿ, ಒದೆ ಕೊಟ್ಟ ಗೋಡೆಗಳ ನಡುವೆ, ಬಂದವರಿಗೆ ದರ್ಶನ ಕೊಟ್ಟು, ಬಾರದವರನ್ನು ಕರೆಯದೆ ಕುಳಿತಿರುವನು. ತಂದೆತನವೆಂಬುದಕ್ಕೆ ಇದಕ್ಕಿಂತ ಸರಿಯಾದ ಸ್ಥಾನವನ್ನು ಯಾರೂ ಯೋಚಿಸಿ ಮಾಡಲಾರರೆಂದು ತೋರಿತು.

ಅಲ್ಲಿ ಕುಳಿತು ಹುಡುಗಿಗೆ ಕಥೆಯ ಇನ್ನೊಂದು ಭಾಗವನ್ನು ಹೇಳಿದೆವು. ರಾಜ್ಯವನ್ನು ಹಂಚುವುದಕ್ಕೆ ಎಷ್ಟೋ ಮೊದಲು, ಮಕ್ಕಳು ಇನ್ನೂ ಚಿಕ್ಕವರಾಗಿದ್ದಾಗ, ಆದಿನಾಥನು ಹೆಣ್ಣುಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕಿಯನ್ನೂ ಕಲಿಸಿದನು. ಲಿಪಿಗೆ ಬ್ರಾಹ್ಮಿಯೆಂದು ಹೆಸರು ಬಂದುದು ಆ ಮಗಳಿಂದಲೇ ಎಂದು ಜೈನರ ಪರಂಪರೆ. ನಮ್ಮ ಕನ್ನಡದ ಅಕ್ಷರಗಳು ಬ್ರಾಹ್ಮೀ ಲಿಪಿಯಿಂದ ಇಳಿದು ಬಂದುವೆಂಬುದು ಲಿಪಿಶಾಸ್ತ್ರವನ್ನು ಬಲ್ಲವರು ಒಪ್ಪಿದ ವಿಷಯ.

ಹುಡುಗಿಯು ಕೇಳಿದಳು: “ಹುಡುಗರಿಗೆ ಊರು ಕೊಟ್ಟು ಹುಡುಗಿಯರಿಗೆ ಬರಿ ಅಕ್ಷರ ಕೊಟ್ಟರೆ?”

ಇದು ನ್ಯಾಯವಾದ ಪ್ರಶ್ನೆ. ನಮ್ಮ ನಾಡಿನಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಉಂಟೆಂದು ಕಾನೂನಾಗಿದೆ. ಅವಳ ಪಾಲನ್ನು ಯಾರೂ ತಪ್ಪಿಸಲಾರರೆಂದು ಹೇಳಿದೆವು. ಆದರೆ ಮನಸ್ಸಿನಲ್ಲಿ ಬೇರೊಂದು ಯೋಚನೆ ಓಡುತ್ತಿದ್ದಿತು. ಆ ತಂದೆಯು ಗಂಡುಮಕ್ಕಳಿಗೆ ಕೊಟ್ಟ ರಾಜ್ಯಗಳಿಂದ ಯುದ್ಧ ಹುಟ್ಟಿತು. ಈಗ ಪೌದನಪುರವನ್ನು ಕಥೆಯಲ್ಲಿ ಮಾತ್ರ ಕೇಳುತ್ತೇವೆ. ಹೆಣ್ಣುಮಕ್ಕಳಿಗೆ ಕೊಟ್ಟ ಅಕ್ಷರದಿಂದ ಯಾವ ಜಗಳವೂ ಹುಟ್ಟಲಿಲ್ಲ. ಅದನ್ನು ಇಂದಿಗೂ ಬರೆಯುತ್ತಿದ್ದೇವೆ, ಓದುತ್ತಿದ್ದೇವೆ. ಹಂಚಿದರೆ ಕಡಮೆಯಾಗುವ ವಸ್ತುವೊಂದು. ಹಂಚಿದರೂ ಕಡಮೆಯಾಗದ ವಸ್ತುವೊಂದು. ತಂದೆಯಾದವನು ಎರಡನ್ನೂ ಕೊಡುವನು. ಮಕ್ಕಳು ಲೆಕ್ಕ ಇಡುವುದು ಮಾತ್ರ ಮೊದಲನೆಯದನ್ನು.

ನಮ್ಮ ತೀರ್ಥರೂಪರು ಸಂಜೆಯ ಹೊತ್ತು ಹಜಾರದಲ್ಲಿ ಮಣೆಯ ಮೇಲೆ ಮರಳು ಹರಡಿ, ನಮ್ಮಿಬ್ಬರನ್ನೂ ಎದುರುಬದುರಾಗಿ ಕುಳ್ಳಿರಿಸಿ ಅಕ್ಷರ ತಿದ್ದಿಸುತ್ತಿದ್ದರು. ಒಂದೇ ಮಣೆ, ಒಂದೇ ಮರಳು. ನಾವು ಬರೆದುದನ್ನು ಅಳಿಸಿ ತಮ್ಮನು ಬರೆಯುವನು; ಅವನು ಬರೆದುದನ್ನು ಅಳಿಸಿ ನಾವು ಬರೆಯುವೆವು. ಐವತ್ತು ಅಕ್ಷರಗಳಲ್ಲಿ ಇಪ್ಪತ್ತೈದು ದೊಡ್ಡವನಿಗೆ, ಇಪ್ಪತ್ತೈದು ಚಿಕ್ಕವನಿಗೆ ಎಂದು ಅವರು ಪಾಲು ಮಾಡಲಿಲ್ಲ. ಇಬ್ಬರಿಗೂ ಐವತ್ತನ್ನೂ ಕೊಟ್ಟರು. ಆ ಕೊಡುಗೆ ಪಾರೀಕತ್ತಿನ ಯಾವ ಪುಟದಲ್ಲಿಯೂ ನಮೂದಾಗಿಲ್ಲ. ಅಲ್ಲಿ ರುಜು ಹಾಕುವುದಕ್ಕೆ ಬೇಕಾದ ಅಕ್ಷರಗಳನ್ನು ಕೊಟ್ಟವರು ಅವರೇ ಎಂಬುದು ಆ ದಿನ ಇಬ್ಬರಿಗೂ ನೆನಪಾಗಲಿಲ್ಲ.

ಊಟವಾದ ಮೇಲೆ, ಬಿಸಿಲು ಇಳಿದ ಹೊತ್ತಿಗೆ ಚಿಕ್ಕಬೆಟ್ಟವನ್ನು ಹತ್ತಿದೆವು. ಇದು ನೆಲದಿಂದ 175 ಅಡಿ ಮಾತ್ರ, ಜನಸಂದಣಿಯೂ ಕಡಮೆ. ಮೌರ್ಯ ಚಂದ್ರಗುಪ್ತನು ರಾಜ್ಯವನ್ನು ಬಿಟ್ಟು, ಗುರುವಾದ ಭದ್ರಬಾಹುವಿನೊಡನೆ ಇಲ್ಲಿಗೆ ಬಂದು ದೇಹವನ್ನು ತ್ಯಜಿಸಿದನೆಂದು ಪರಂಪರೆ ಹೇಳುವುದು. ಅವನ ಮಗ ಬಿಂದುಸಾರನು ಆಗ ಪಾಟಲಿಪುತ್ರದಲ್ಲಿ ಆಳುತ್ತಿದ್ದನು. ಇಲ್ಲಿನ ಬಸದಿಗಳಲ್ಲಿ ಚಾವುಂಡರಾಯನ ಬಸದಿಯು ನೋಡತಕ್ಕದ್ದು. ಕೆಳಗಿನ ಅಂತಸ್ತನ್ನು ಚಾವುಂಡರಾಯನು ಕಟ್ಟಿಸಿದನು. ಮೇಲಿನ ಅಂತಸ್ತನ್ನು ಅವನ ಮಗ ಜಿನದೇವಣನು ಸುಮಾರು 995ರಲ್ಲಿ ಕಟ್ಟಿಸಿದನು. ಕೆಳಗೆ ನೇಮಿನಾಥ, ಮೇಲೆ ಪಾರ್ಶ್ವನಾಥ. ತಂದೆಯ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡುವುದೊಂದು ಬಗೆ. ಅದರ ಮೇಲೆ ಇನ್ನೊಂದು ಮಾಡವನ್ನು ಎತ್ತುವುದು ಇನ್ನೊಂದು ಬಗೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಭರತನ ಮೂರ್ತಿಯೊಂದಿದೆ. ಸುಮಾರು ಒಂಬತ್ತು ಅಡಿ ಎತ್ತರ. ಮಂಡಿಯವರೆಗೆ ಮಾತ್ರ ರೂಪುಗೊಂಡು, ಅದರ ಕೆಳಗೆ ಕಲ್ಲು ಕಲ್ಲಾಗಿಯೇ ಉಳಿದಿದೆ. ಕೆಲಸವು ಅರ್ಧದಲ್ಲಿ ನಿಂತುಹೋದ ಮೂರ್ತಿ. ತಮ್ಮನು ಆಚೆಯ ಬೆಟ್ಟದ ತುದಿಯಲ್ಲಿ ಪಾದದವರೆಗೂ ಪೂರ್ಣವಾಗಿ ನಿಂತಿದ್ದಾನೆ. ಅಣ್ಣನಿಗೆ ಇಲ್ಲಿ ಹೆಜ್ಜೆಯಿಡಲು ಕಾಲೇ ಮೂಡಿಲ್ಲ. ಹುಡುಗನು ಅದನ್ನು ಬಹಳ ಹೊತ್ತು ನೋಡಿ, “ಇವನು ಹೋಗುವುದಕ್ಕೆ ಆಗದೆ ನಿಂತಿದ್ದಾನೆ” ಎಂದನು. ಅವನು ಮೂರ್ತಿಯ ವಿಷಯವಾಗಿ ಹೇಳಿದುದು. ಕೇಳಿದವರಿಗೆ ಬೇರೆ ತಟ್ಟಿತು.

ಮಕ್ಕಳನ್ನು ತಾಯಿಯೊಡನೆ ಬಿಟ್ಟು ನಾವು ಒಂದು ಬಂಡೆಯ ಹತ್ತಿರಕ್ಕೆ ಹೋದೆವು. ಅಲ್ಲಿಂದ ನೋಡಿದರೆ ಕೊಳ, ಕೊಳದಾಚೆಗೆ ದೊಡ್ಡಬೆಟ್ಟ, ಪ್ರಾಕಾರದ ಮೇಲೆ ಗೊಮ್ಮಟನ ತಲೆ. ದೂರವಾಣಿಯನ್ನು ತೆಗೆದು ತಮ್ಮನ ಹೆಸರನ್ನು ಒತ್ತಿದೆವು. ಎರಡನೆಯ ಗಂಟೆಗೇ ಎತ್ತಿದನು.

“ಅಣ್ಣಯ್ಯಾ?” ಎಂದನು. ಧ್ವನಿಯಲ್ಲಿ ಗಾಬರಿಯಿದ್ದಿತು. ಬಂಧುಗಳು ವರುಷಕ್ಕೊಮ್ಮೆ ಕರೆದರೆ ಅಶುಭವನ್ನೇ ನೆನೆಯುವುದು ಸಹಜ.

“ಎಲ್ಲರೂ ಚೆನ್ನಾಗಿದ್ದೇವೆ. ಬೆಳ್ಗೊಳಕ್ಕೆ ಬಂದಿದ್ದೆವು. ನೀನು ನೆನಪಾದೆ” ಎಂದೆವು. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. “ಅಪ್ಪ ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹತ್ತಿದುದು ನಿನಗೆ ಜ್ಞಾಪಕವಿದೆಯೇ?” ಎಂದು ಕೇಳಿದೆವು.

“ಹತ್ತಿದುದು ಜ್ಞಾಪಕವಿಲ್ಲ ಅಣ್ಣಯ್ಯ” ಎಂದನು. “ಇಳಿಯುವಾಗ ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಅದು ಚೆನ್ನಾಗಿ ಜ್ಞಾಪಕವಿದೆ. ಜಾರುತ್ತದೆ, ಒರಗಿಕೊಂಡು ಇಳಿ ಎಂದು ಹೇಳುತ್ತಿದ್ದೆ.”

ಈ ಸಂಗತಿ ನಮ್ಮ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ತಂದೆಯು ನಮಗೆ ಕೊಡಲಿಲ್ಲವೆಂದುಕೊಂಡುದನ್ನು ಮೂವತ್ತು ವರುಷ ಜೋಪಾನವಾಗಿ ಇಟ್ಟುಕೊಂಡಿದ್ದೆವು. ನಾವೇ ಕೊಟ್ಟುದನ್ನು ಮರೆತಿದ್ದೆವು. ಅದನ್ನು ಅವನು ಇಟ್ಟುಕೊಂಡಿದ್ದನು. ತೀರ್ಥರೂಪರು ಆ ದಿನ “ನೀನು ದೊಡ್ಡವನು” ಎಂದುದು ಕೊಡದೆ ಹೋದ ಮಾತಲ್ಲ, ಕೊಟ್ಟ ಮಾತು. ಏಳು ವರುಷದವನಿಗೆ ಹೆಗಲನ್ನು ಕೊಟ್ಟರು. ಹತ್ತು ವರುಷದವನಿಗೆ ಆ ತಮ್ಮನನ್ನು ಕೊಟ್ಟರು.

ದಾರಿಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಅದು ಇನ್ನೂ ತೀರ್ಮಾನವಾಗಿಲ್ಲ; ತೀರಿತೆಂದು ಬರೆದರೆ ಸುಳ್ಳಾಗುವುದು. ಆದರೆ ಸಂಕ್ರಾಂತಿಗೆ ಊರಿಗೆ ಬರುವೆವೆಂದು ನಾವು ಹೇಳಿದೆವು. “ಎಳ್ಳು ಬೀರುವುದಕ್ಕೆ ಮಕ್ಕಳನ್ನು ಕರೆದುಕೊಂಡು ಬಾ, ಕೊಬ್ಬರಿ ಇಲ್ಲಿನದೇ ಇದೆ, ಕೊಂಡು ತರಬೇಡ” ಎಂದು ಅವನು ಹೇಳಿದನು. ಆ ಕೊಬ್ಬರಿ ಯಾರ ಪಾಲಿನ ಮರದ್ದೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಪಾಲು ತಪ್ಪಲ್ಲ. ಸಂಸಾರಗಳು ಬೆಳೆದಂತೆ ಒಲೆಗಳು ಎರಡಾಗಲೇಬೇಕು. ಬರಹದಲ್ಲಿ ಸ್ಪಷ್ಟವಾಗಿ ಆಗುವುದೇ ಒಳ್ಳೆಯದು, ಹೆಣ್ಣುಮಕ್ಕಳಿಗೂ ಸೇರಿ ಆಗುವುದು ಇನ್ನೂ ಒಳ್ಳೆಯದು. ಆದರೆ ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ: ವರುಷದ ಕೊನೆಯಲ್ಲಿ ಬೇರೆ ಲೆಕ್ಕಗಳನ್ನು ನೋಡುವಾಗ ಈ ಲೆಕ್ಕವನ್ನೂ ಒಮ್ಮೆ ನೋಡಬೇಕು. ಹಂಚಿದರೆ ಕಡಮೆಯಾಗತಕ್ಕದ್ದನ್ನು ಮಕ್ಕಳಿಗೆ ಕೂಡಿಡುವುದರಲ್ಲಿ ವರುಷವೆಲ್ಲವೂ ಕಳೆಯಿತೋ, ಹಂಚಿದರೂ ಕಡಮೆಯಾಗದುದನ್ನು ಕೊಡುವುದಕ್ಕೆ ನಾಲ್ಕು ಸಂಜೆಗಳಾದರೂ ಸಿಕ್ಕಿದುವೋ? ತಂದೆಯಿಂದ ನಾವು ಪಡೆದುದರಲ್ಲಿ ಪತ್ರಕ್ಕೆ ಏರದೆ ಉಳಿದುದು ಎಷ್ಟೆಂದು ನೆನೆದರೆ, ಪತ್ರಕ್ಕೆ ಏರಿದುದರ ತೂಕ ತಾನಾಗಿ ಇಳಿಯುವುದು.

ಹೊತ್ತು ಮುಳುಗುವ ಸಮಯಕ್ಕೆ ಚಿಕ್ಕಬೆಟ್ಟವನ್ನು ಇಳಿದೆವು. ಹುಡುಗಿಯು ತಾಯಿಯ ಕೈ ಹಿಡಿದು ಮುಂದೆ ಹೋಗುತ್ತಿದ್ದಳು. ನಾವು ಹುಡುಗನ ಹತ್ತಿರಕ್ಕೆ ಹೋಗಿ, “ಬೆಳಿಗ್ಗೆ ಕಾಲು ನೋಯುತ್ತಿದೆ ಎಂದೆಯಲ್ಲ, ಈಗ ಹೇಗಿದೆ?” ಎಂದು ಕೇಳಿದೆವು. “ಈಗ ನೋವಿಲ್ಲ” ಎಂದನು. ಆದರೂ ಕೈಯನ್ನು ಹಿಡಿದುಕೊಂಡೆವು. ಹದಿಮೂರರ ಹುಡುಗನು ಹತ್ತು ಜನರ ಮುಂದೆ ತಂದೆಗೆ ಕೈ ಕೊಡುವುದು ಕಷ್ಟ, ಬಿಡಿಸಿಕೊಳ್ಳುವನೆಂದು ಭಾವಿಸಿದ್ದೆವು. ಕೊಳದ ಹತ್ತಿರ ಸಮನಾದ ನೆಲ ಬರುವವರೆಗೂ ಬಿಡಿಸಿಕೊಳ್ಳಲಿಲ್ಲ.